ರಾತ್ರಿ ಕೈ ಕೊಡವೋರಿಗೆ

ರಾತ್ರಿ ಎರಡು ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರ ಆಗೋದು, ಎದ್ದು ಕೂತು ಕೊಡವಿದ್ರೆ ಸರಿ ಹೋಗೋದು, ಮತ್ತೆ ಮಲಗೋದು, ಹೀಗೇ ನಾಲ್ಕು ತಿಂಗಳು ಕಳೆದೆ. ಬ್ಲೌಸ್ ಹೊಲಿಯೋ ಕೈ ಅಲ್ವಾ, ಕತ್ತರಿ ಹಿಡಿದು ಹಿಡಿದು ಹಿಂಗಾಗಿದೆ ಅಂದ್ಕೊಂಡೆ, ನಮ್ಮತ್ತೆ ವಾಯು ಅಂತ ಬಿಸಿ ಎಣ್ಣೆ ತಿಕ್ಕಿದ್ರು. ಒಂದಿನ ಹುಕ್ಸ್ ಹಾಕ್ತಾ ಸೂಜಿ ಬೆರಳಲ್ಲಿದ್ಯೋ ಬಿದ್ದೋಯ್ತೋ ಗೊತ್ತಾಗ್ಲಿಲ್ಲ ನೋಡಿ, ಆಗ ಡಾಕ್ಟರ್ ಹತ್ರ ಓಡಿದೆ.

ಅವರು ಮೊದಲು ಕೇಳಿದ್ದೇ ಕಿರುಬೆರಳೂ ಜೋಮಾ ಅಂತ. ಇಲ್ಲ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಲ್ಲಿ ಅರ್ಧ. ಮಣಿಕಟ್ಟಲ್ಲಿ ಮೀಡಿಯನ್ ನರ ಹೋಗೋ ಜಾಗ ಇಕ್ಕಟ್ಟಾಗಿದೆ, ಕಾರ್ಪಲ್ ಟನಲ್ ಅಂದ್ರು. ಥೈರಾಯ್ಡ್, ಶುಗರ್ ಇದ್ರೂ ಬರುತ್ತಂತೆ, ಎರಡೂ ಟೆಸ್ಟ್ ಆಯ್ತು.

ಆಪರೇಷನ್ ಈಗ್ಲೇ ಬೇಡ, ರಾತ್ರಿ ಸ್ಪ್ಲಿಂಟ್ (ಮಣಿಕಟ್ಟು ಅಲ್ಲಾಡದ ಹಾಗೆ ಹಿಡಿಯೋ ಪಟ್ಟಿ) ಕಟ್ಟಿ ಇಲ್ಲಾ ಸ್ಟೀರಾಯ್ಡ್ ಇಂಜೆಕ್ಷನ್ ತಗೊಳ್ಳಿ ಅಂದ್ರು. ನಂಗೆ ಸೂಜಿ ಅಂದ್ರೆ ಭಯ (ದಿನಾ ಸೂಜಿ ಹಿಡಿಯೋಳಿಗೆ!), ಸ್ಪ್ಲಿಂಟ್ ತಂದೆ. ಎರಡು ವಾರ ಕಟ್ಟಿದ್ರೂ ಏನೂ ಇಲ್ಲ. ಆಮೇಲೆ ಗೊತ್ತಾಯ್ತು, ಅಂಗಡಿಯವನು ಕೊಟ್ಟಿದ್ದು ಮಣಿಕಟ್ಟು ಮೇಲಕ್ಕೆ ಬಗ್ಗಿಸೋ ಥರದ್ದು, ಹಂಗೆ ಬಗ್ಗಿದ್ರೆ ಒಳಗೆ ಒತ್ತಡ ಇನ್ನೂ ಜಾಸ್ತಿ. ಡಾಕ್ಟರ್ ಒಳಗಿನ ತಗಡಿನ ಪಟ್ಟಿ ಎಳೆದು ನೆಟ್ಟಗೆ ಮಾಡಿ ವಾಪಸ್ ತೂರಿಸಿದ್ರು. ಅಲ್ಲಿಂದ ಮೂರು ವಾರಕ್ಕೆ ನಿದ್ದೆ ಬಂತು. ಹಾಗಾಗಿ ಕೊಳ್ಳೋವಾಗ ಅಂಗೈ, ಮುಂಗೈ ಒಂದೇ ಗೆರೆಗೆ ಇರುತ್ತಾ ಅಂತ ನೋಡ್ಕೊಳ್ಳಿ.

ನಮ್ಮಕ್ಕ ಇಂಜೆಕ್ಷನ್ ತಗೊಂಡ್ಲು, ವಾರದಲ್ಲೇ ಆರಾಮು, ನಂಗೆ ಹೊಟ್ಟೆಕಿಚ್ಚು. ಐದು ತಿಂಗಳಿಗೆ ಜೋಮು ವಾಪಸ್. 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಸ್ಟಡಿ ಇದೆ, ತೊಂದರೆ ಅಷ್ಟೇನೂ ಜೋರಿಲ್ಲದ 234 ಜನರಲ್ಲಿ ಕೆಲವರಿಗೆ ಇಂಜೆಕ್ಷನ್, ಉಳಿದೋರಿಗೆ ರಾತ್ರಿ ಸ್ಪ್ಲಿಂಟ್. 6 ವಾರಕ್ಕೆ ಇಂಜೆಕ್ಷನ್ನೇ ಮೇಲು, 6 ತಿಂಗಳಿಗೆ ಅಂಥಾ ವ್ಯತ್ಯಾಸ ಇಲ್ಲ. ಮದುವೆ ಸೀಸನ್ ಆರ್ಡರ್ ತಲೆ ಮೇಲಿದ್ರೆ ನಾನೂ ಇಂಜೆಕ್ಷನ್ನೇ ತಗೋತಿದ್ನೇನೋ.

ವಿಟಮಿನ್ ಬಿ6 ಮಾತ್ರೆ, ನೋವಿನ ಮಾತ್ರೆ ಎರಡೂ ನುಂಗಿದ್ದೀನಿ, ದುಡ್ಡು ದಂಡ. ಆದ್ರೆ ಹೆಬ್ಬೆರಳ ಬುಡದ ಮಾಂಸ ಇಳಿದಿದ್ರೆ, ಜೋಮು ಹಗಲೂ ರಾತ್ರಿ ಬಿಡದೇ ಇದ್ರೆ ಸ್ಪ್ಲಿಂಟ್ ನಂಬ್ಕೊಂಡು ಕೂರಬೇಡಿ, ಅದು ಸರ್ಜನ್ ನೋಡಬೇಕಾದ್ದು.

ನಂದು ಪೂರ್ತಿ ಹೋಗಿಲ್ಲ. ಏಳೆಂಟು ಬ್ಲೌಸ್ ಕಟಿಂಗ್ ಮಾಡಿದ ದಿನ ಪಟ್ಟಿ ಕಟ್ಟೋದು ಮರೆತ್ರೆ, ಎರಡು ಗಂಟೆಗೆ ಸರಿಯಾಗಿ ಕೈನೇ ಎಬ್ಬಿಸುತ್ತೆ.