ಬೆರಳೆಲ್ಲ ಕಪ್ಪು

ಶನಿವಾರ, 18 ಜನವರಿ 2025, ಮೈಸೂರು

ಮನೆಗೆ ಬಂದ ಕೂಡಲೇ ಅಮ್ಮ ಕೈ ನೋಡಿ, "ಏನೇ ಇದು, ಬಾಳೆಕಾಯಿ ಹೆಚ್ಚಿದ ಹಾಗಿದೆ?" ಅಂದರು. ಸಿಲ್ವರ್ ನೈಟ್ರೇಟ್ ಅಮ್ಮಾ, ಗ್ಲೌಸ್ ತೂತಾಗಿತ್ತು. ನಾಲ್ಕೈದು ದಿನ ಹೋಗಲ್ಲ.

ತಪ್ಪು ಅಮ್ಮನ ಒಗ್ಗರಣೆ ಡಬ್ಬಿಯದೇ. ಅದರಿಂದ ಒಂದು ಚಮಚ ಸಾಸಿವೆ ಕದ್ದು ಮೊಳಕೆ ಬರಿಸಿದ್ದೆ. ಇವತ್ತು ಬೇರಿನ ತುದಿ ಕತ್ತರಿಸಿ, ಗಾಜಿನ ಮೇಲೆ ಒತ್ತಿ, ಸಿಲ್ವರ್ ನೈಟ್ರೇಟಿನ ಬೆಳ್ಳಿ ಬಣ್ಣ ಹಾಕಿದೆ. ಮೊದಲ ಎರಡು ಸ್ಲೈಡ್ ಬಿಸಿ ಜಾಸ್ತಿಯಾಗಿ ಸೀದುಹೋದವು. ಮೂರನೆಯದರಲ್ಲಿ ಕಂಡಿತು: ಹಳದಿ ಕೋಶಕೇಂದ್ರ, ಅದರೊಳಗೆ ದುಂಡನೆಯ ಕಂದು ಚುಕ್ಕೆ. ಕಾಳಿನೊಳಗೆ ಇನ್ನೊಂದು ಕಾಳು ಇಟ್ಟ ಹಾಗೆ. ಅದೇ ನ್ಯೂಕ್ಲಿಯೊಲಸ್. ಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿಗೆ ಬೇಕಾದ ಆರ್‌ಎನ್‌ಎಯನ್ನು ಪಾಲಿಮರೇಸ್-1 ಎಂಬ ಕಿಣ್ವ ಜೀನು ನೋಡಿ ಬರೆಯುವ ಜಾಗ.

ನಮ್ಮ ಅಡುಗೆಮನೆಯ ಸಾಸಿವೆ ಹೆಚ್ಚಾಗಿ ಬ್ರಾಸಿಕಾ ಜುನ್ಸಿಯಾ. ಕರಿಸಾಸಿವೆ ನೈಗ್ರಾ ಮತ್ತು ಟರ್ನಿಪ್‌ನ ಜಾತಿಯ ರಾಪಾ, ಎರಡೂ ಕೂಡಿ ಹುಟ್ಟಿದ್ದು. ನೈಗ್ರಾದಿಂದ 16, ರಾಪಾದಿಂದ 20, ಒಟ್ಟು 36 ಕ್ರೋಮೋಸೋಮ್. 1935ರಲ್ಲಿ ನಾಗಹರು ಯು ಎಂಬ ವಿಜ್ಞಾನಿ ಈ ಕುಲದ ಸಂಬಂಧಗಳನ್ನೆಲ್ಲ ಒಂದು ತ್ರಿಕೋನದಲ್ಲಿ ಬರೆದು ತೋರಿಸಿದರು.

ಈಗ ತಮಾಷೆ ನೋಡಿ. ಅಪ್ಪ ಅಮ್ಮ ಇಬ್ಬರ ಕಡೆಯ, ಅಂದರೆ ನೈಗ್ರಾ ಮತ್ತು ರಾಪಾದ, ರೈಬೋಸೋಮ್ ಜೀನುಗಳೂ ಗಿಡದಲ್ಲಿವೆ. ಆದರೆ ಎಲೆಯಲ್ಲಿ ಕೆಲಸ ಮಾಡುವುದು ನೈಗ್ರಾ ಕಡೆಯವು ಮಾತ್ರ. ರಾಪಾ ಕಡೆಯವು ಸುಮ್ನೆ ಕೂತಿರುತ್ತವೆ. ಇದೇ ರಾಪಾ, ಎಲೆಕೋಸಿನ ಜಾತಿಯ ಜೊತೆ ಕೂಡಿ ಬ್ರಾಸಿಕಾ ನೇಪಸ್ (ಕ್ಯಾನೋಲಾ ಎಣ್ಣೆಯ ಗಿಡ) ಆದಾಗ ಮಾತ್ರ ಯಜಮಾನ! ಅಲ್ಲಿ ಎಲೆಕೋಸಿನ ಕಡೆಯ ರೈಬೋಸೋಮ್ ಜೀನುಗಳು ಬಾಯಿ ಮುಚ್ಚುತ್ತವೆ. ತಾಯಿ ಯಾರು, ಯಾರದು ಎಷ್ಟು ಪ್ರತಿ, ಯಾವುದೂ ಲೆಕ್ಕಕ್ಕಿಲ್ಲ.

ಸುಮ್ಮನಿರುವವು ಕೆಟ್ಟುಹೋದ ಜೀನುಗಳು ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಡಿಎನ್‌ಎ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಕೂತಿದೆ, ಡಿಎನ್‌ಎ ಸುತ್ತಿಕೊಂಡ ಹಿಸ್ಟೋನ್ ಪ್ರೋಟೀನಿನಿಂದ ಅಸಿಟೈಲ್ ಎಂಬ ಇನ್ನೊಂದು ಗುರುತು ಉದುರಿದೆ, ಸುರುಳಿ ಬಿಗಿಯಾಗಿದೆ, ಅಷ್ಟೇ. 1997ರಲ್ಲಿ ವಿಜ್ಞಾನಿಗಳಾದ ಚೆನ್ ಮತ್ತು ಪಿಕಾರ್ಡ್ ನೇಪಸ್ ಸಸಿಗಳಿಗೆ ಮೀಥೈಲ್ ತಡೆಯುವ ಔಷಧಿ ಕೊಟ್ಟರು. ಮಲಗಿದ್ದ ಜೀನುಗಳು ಎದ್ದು ಜೋರಾಗಿ ಕೆಲಸ ಶುರು ಮಾಡಿದವು. ಪ್ರಯೋಗಗಳಲ್ಲಿ ಬಳಸುವ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಂತೂ ಬೆರಕೆಯೇ ಬೇಡ. 2ನೇ ಮತ್ತು 4ನೇ ಕ್ರೋಮೋಸೋಮಿನಲ್ಲಿ ಈ ಜೀನಿನ ಹತ್ತಿರ ಹತ್ತಿರ 375ರಂತೆ ಪ್ರತಿಗಳಿವೆ. ಗಿಡ ಬೆಳೆದಂತೆ 2ರ ಸಾಲು ಮುಚ್ಚುತ್ತದೆ, 4ರದು ನಡೆಯುತ್ತದೆ. ಜೀನಿನ ಗುಣಕ್ಕಿಂತ ಅದು ಕೂತ ಜಾಗ ದೊಡ್ಡದು.

ನನಗೆ ಜಾಸ್ತಿ ಇಷ್ಟವಾಗಿದ್ದು ಇನ್ನೊಂದು. ಬ್ರಾಸಿಕಾ ನೇಪಸ್‌ನಲ್ಲಿ ಎಲೆಯಲ್ಲಿ ಮಲಗಿದ್ದ ಜೀನುಗಳು ಹೂವಿನಲ್ಲಿ ಏಳುತ್ತವೆ. ಎಸಳಿನಲ್ಲೂ! ನನ್ನ ಬೆಳ್ಳಿ ಚುಕ್ಕೆ ಅದನ್ನೆಲ್ಲ ಹೇಳಲ್ಲ, ಯಾವ ಕಡೆಯದು ಅಂತ ತಿಳಿಯಲು ಆರ್‌ಎನ್‌ಎಯನ್ನೇ ತೆಗೆದು ನೋಡಬೇಕು.

ಉಳಿದ ಮೊಳಕೆಗಳನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟಿದ್ದೇನೆ. ಸೊಪ್ಪು ಬಂತು ಅಂತ ಸಾರಿಗೆ ಕಿತ್ತೀಯ, ಹೂ ಬಿಡೋವರೆಗೂ ಮುಟ್ಟಬೇಡ ಅಂತ ಅಮ್ಮನಿಗೆ ಎರಡು ಸಲ ಹೇಳಿದ್ದಾಯಿತು.