ಹೆಸರಿಲ್ಲದ ಗುಲಾಬಿ ಬ್ರುಗ್‌ಮ್ಯಾನ್ಸಿಯಾ ಯಾವ ತಳಿ? ಪತ್ತೆ ಹಚ್ಚುವ ಬಗೆ

ಗುಲಾಬಿ ಬಣ್ಣದ ಬ್ರುಗ್‌ಮ್ಯಾನ್ಸಿಯಾ, ಅಂದರೆ ಏಂಜಲ್ಸ್ ಟ್ರಂಪೆಟ್ ಹೂವಿನ ಒಂದೇ ಒಂದು ಫೋಟೊ ನೋಡಿ ತಳಿಯ ಹೆಸರು ಹೇಳಲಾಗದು. ಹೇಳುವವರಿಗೆ ಕೊರತೆಯಿಲ್ಲ ನಿಜ. ‘ಫ್ರಾಸ್ಟಿ ಪಿಂಕ್’, ‘ಪಿಂಕ್ ಬ್ಯೂಟಿ’, ‘ಈಕ್ವೆಡಾರ್ ಪಿಂಕ್’ ಎಂಬ ಚೀಟಿಗಳು ಹೆಸರು ಕಳೆದುಕೊಂಡ ಗಿಡಗಳಿಗೆ ಬಲು ಸಲೀಸಾಗಿ ಅಂಟಿಕೊಳ್ಳುತ್ತವೆ. ಆದರೆ ಗಿಡವನ್ನು ಸರಿಯಾಗಿ ಪರೀಕ್ಷಿಸಿದರೆ ಅದು ಯಾವ ಗುಂಪಿಗೆ ಸೇರಿದ್ದು, ಯಾವ ತಳಿ ಖಂಡಿತ ಅಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬಹುದು. ‘ಇದೇ ತಳಿ’ ಎನ್ನಲು ಮಾತ್ರ ಗಿಡದ ಮೂಲ ಗೊತ್ತಿರಬೇಕು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಬಣ್ಣವೇ. ಬಹಳಷ್ಟು ಗುಲಾಬಿ ತಳಿಗಳು ಸಂಜೆ ಅರಳುವಾಗ ಬಿಳಿ ಇಲ್ಲವೇ ಕೆನೆಬಣ್ಣದಲ್ಲಿದ್ದು, ಎರಡು ಮೂರು ದಿನಗಳಲ್ಲಿ ಕೆಂಪೇರುತ್ತವೆ. ತಂಪು ಹವೆಯಲ್ಲಿ ಗುಲಾಬಿ ಗಾಢವಾಗುತ್ತದೆ. ಸೆಕೆ ಹೆಚ್ಚಾದಾಗ ಅದೇ ಗಿಡದ ಹೂವು ಕೊನೆಯವರೆಗೂ ಪೇಲವವಾಗಿ ಉಳಿಯಬಹುದು. ಬಿಸಿಲು, ಗೊಬ್ಬರ, ಹೂವಿನ ವಯಸ್ಸು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಹಾಗಾಗಿ ಒಂದೇ ಹೂವನ್ನು ಅರಳಿದ ಸಂಜೆ, ಮರುದಿನ, ಮೂರನೆಯ ದಿನ ಹೀಗೆ ಮೂರು ಸಲ ಫೋಟೊ ತೆಗೆಯಬೇಕು. ನೇರ ಬಿಸಿಲು ಬೇಡ, ನೆರಳಿನ ಬೆಳಕು ಸಾಕು. ಪಕ್ಕದಲ್ಲೊಂದು ಬಿಳಿ ಕಾಗದ ಹಿಡಿದರೆ ಕ್ಯಾಮೆರಾ ಬಣ್ಣವನ್ನು ಎಷ್ಟು ತಿರುಚಿದೆ ಎಂಬುದೂ ಗೊತ್ತಾಗುತ್ತದೆ.

ಗಿಡ ದತ್ತೂರವಲ್ಲ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ದತ್ತೂರದ ಹೂವು ಮೇಲ್ಮುಖ, ಕಾಯಿಗೆ ಸಾಮಾನ್ಯವಾಗಿ ಮುಳ್ಳು. ಬ್ರುಗ್‌ಮ್ಯಾನ್ಸಿಯಾದ ಕಾಂಡ ಮರದಂತೆ ಗಟ್ಟಿ, ಹೂವು ಜೋಲುತ್ತದೆ, ಕಾಯಿ ನುಣುಪು.

ಮುಂದೆ ನೋಡಬೇಕಾದದ್ದು ಹೂವಿನ ಬುಡದ ಹಸಿರು ಕವಚ, ಅಂದರೆ ಪುಷ್ಪಪಾತ್ರೆ. ನನ್ನ ಮಟ್ಟಿಗೆ ಇಡೀ ಗಿಡದಲ್ಲಿ ಇದಕ್ಕಿಂತ ನಂಬಿಕಸ್ತ ಸಾಕ್ಷಿ ಇಲ್ಲ. (ಮುಂದೆ ಬರುವ ಸ್ವಾವಿಯೊಲೆನ್ಸ್, ವರ್ಸಿಕಲರ್, ಔರಿಯಾ ಇವು ಬ್ರುಗ್‌ಮ್ಯಾನ್ಸಿಯಾದ ಪ್ರಭೇದಗಳ ಹೆಸರುಗಳು.) ಬ್ರುಗ್‌ಮ್ಯಾನ್ಸಿಯಾ ಸ್ವಾವಿಯೊಲೆನ್ಸ್‌ನಲ್ಲಿ ಕವಚ ಅಗಲ, ಕೊಂಚ ಉಬ್ಬಿದಂತಿರುತ್ತದೆ, ತುದಿಯಲ್ಲಿ ಎರಡರಿಂದ ಐದು ಹಲ್ಲುಗಳು. ವರ್ಸಿಕಲರ್‌ನಲ್ಲಿ ಅದು ತೆಳ್ಳಗೆ, ಉದ್ದ, ಒಂದೇ ಬದಿಯಲ್ಲಿ ಸೀಳಿರುತ್ತದೆ. ಔರಿಯಾ ಮತ್ತು ವರ್ಸಿಕಲರ್ ಕೂಡಿ ಹುಟ್ಟಿದ ಕ್ಯಾಂಡಿಡಾ ಮಿಶ್ರತಳಿಗಳಲ್ಲೂ ಬಹುತೇಕ ಒಂದೇ ಸೀಳು. ಹೂವು ಹೊರಬರುವಾಗ ಕವಚ ಹರಿದು ಇಲ್ಲದ ಸೀಳು ಇರುವಂತೆ ಕಾಣುವುದುಂಟು. ಅದಕ್ಕೇ ಮೊಗ್ಗು ಕವಚದಿಂದ ತುದಿ ಹೊರಹಾಕುತ್ತಿರುವ ಹಂತದಲ್ಲೇ ನೋಡಬೇಕು, ಅದೂ ನಾಲ್ಕೈದು ಮೊಗ್ಗುಗಳಲ್ಲಿ.

ಕವಚದ ನಂತರ ಕೊರಳು. ವರ್ಸಿಕಲರ್ ರಕ್ತ ಹೆಚ್ಚಿರುವ ಗಿಡದಲ್ಲಿ ಹೂಕೊಳವೆಯ ಸಪೂರ ಭಾಗ ಕವಚದಾಚೆಗೂ ಚಾಚಿಕೊಂಡು, ಆಮೇಲಷ್ಟೇ ಅಗಲವಾಗುತ್ತದೆ. ಹಸಿರು ಕವಚಕ್ಕೂ ಗುಲಾಬಿ ಗಂಟೆಗೂ ನಡುವೆ ಸಣ್ಣ ಕೊರಳೊಂದು ಎದ್ದು ಕಾಣುತ್ತದೆ. ಸ್ವಾವಿಯೊಲೆನ್ಸ್‌ನಲ್ಲಿ ಈ ಸಪೂರ ಭಾಗ ಕವಚದೊಳಗೇ ಅಡಗಿರುತ್ತದೆ. ಜೋಲುವ ರೀತಿಯೂ ಬೇರೆ: ವರ್ಸಿಕಲರ್ ನೇರ ನೆಲಕ್ಕೆ ಇಳಿಬೀಳುತ್ತದೆ, ಸ್ವಾವಿಯೊಲೆನ್ಸ್ ಹೆಚ್ಚಾಗಿ ಓರೆಯಾಗಿ ಬಾಗಿರುತ್ತದೆ.

ದಳದ ತುದಿಗಳನ್ನೂ ಅಳೆಯಿರಿ. ಸ್ವಾವಿಯೊಲೆನ್ಸ್‌ನಲ್ಲಿ ಅವು ಗಿಡ್ಡ, ಹೊರಕ್ಕೆ ಬಾಗುತ್ತವೆಯೇ ಹೊರತು ಹಿಂದಕ್ಕೆ ಸುರುಳಿ ಸುತ್ತುವುದಿಲ್ಲ. ಉದ್ದನೆಯ ತುದಿ ಹಿಂದಕ್ಕೆ ಸುತ್ತಿಕೊಂಡಿದ್ದರೆ ಔರಿಯಾದ ಪಾಲಿದೆ ಎಂದು ಸಂಶಯ ಪಡಬಹುದು.

ಈಗ ಒಂದು ಹೂವನ್ನು ಬಲಿ ಕೊಡಬೇಕು. ಹಿಂದಿನ ಸಂಜೆ ಅರಳಿದ ತಾಜಾ ಹೂವನ್ನೇ ಆರಿಸಿ, ಬಾಯಿಯಿಂದ ಬುಡದವರೆಗೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಒಳಗೆ ಐದು ಕೇಸರಗಳು ಕಾಣುತ್ತವೆ. ಅವುಗಳ ಪರಾಗಕೋಶಗಳು ಒಂದಕ್ಕೊಂದು ಅಂಟಿ ಶಲಾಕೆಯ (ನಡುವಿನ ಹೆಣ್ಣು ಭಾಗದ ಉದ್ದನೆಯ ಕಡ್ಡಿಯ) ಸುತ್ತ ಕೊಳವೆಯಂತಾಗಿದ್ದರೆ ಸ್ವಾವಿಯೊಲೆನ್ಸ್ ಕಡೆಯದು. ಬಿಡಿಬಿಡಿಯಾಗಿದ್ದರೆ ವರ್ಸಿಕಲರ್ ಅಥವಾ ಔರಿಯಾ ಕಡೆಯದು. ಬಾಡಿದ ಹೂವಿನಲ್ಲಿ ಈ ಪರೀಕ್ಷೆ ನಡೆಯದು. ಕೈಗವಸು ಹಾಕಿಕೊಳ್ಳಿ, ಮುಗಿದ ಮೇಲೆ ಕೈಯನ್ನೂ ಬ್ಲೇಡನ್ನೂ ಸೋಪಿನಿಂದ ತೊಳೆಯಿರಿ. ಗಿಡದ ಎಲ್ಲ ಭಾಗಗಳಲ್ಲೂ ಸ್ಕೊಪಾಲಮಿನ್, ಹಯೊಸಯಮಿನ್‌ನಂಥ ವಿಷಗಳಿವೆ. ರಸ ತಾಗಿದ ಬೆರಳಿನಿಂದ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ.

ಅಳತೆಗೆ ಮೆತ್ತನೆಯ ಟೇಪೇ ಸರಿ. ತೊಟ್ಟು ಸೇರುವಲ್ಲಿಂದ ಬಾಯಿಯ ಅಂಚಿನವರೆಗಿನ ಉದ್ದ, ಕವಚದ ಉದ್ದ, ಹೊರಗೆ ಕಾಣುವ ಕೊರಳು, ಬಾಯಿಯ ಅಗಲ, ತುದಿಯ ಉದ್ದ ಇಷ್ಟನ್ನೂ ಐದು ಹೂಗಳಲ್ಲಿ ಬರೆದಿಟ್ಟುಕೊಳ್ಳಿ. ಸ್ವಾವಿಯೊಲೆನ್ಸ್ ಹೂಗಳು ಸುಮಾರು 24ರಿಂದ 32 ಸೆಂ.ಮೀ., ವರ್ಸಿಕಲರ್ ಹೂಗಳು 30ರಿಂದ 50 ಸೆಂ.ಮೀ. ಉದ್ದ ಬೆಳೆಯುತ್ತವೆ. ನಡುವೆ ಎಲ್ಲೋ ಬಂದು, ಲಕ್ಷಣಗಳೂ ಕಲಸಿಕೊಂಡಿದ್ದರೆ ಇನ್‌ಸಿಗ್ನಿಸ್ ಅಥವಾ ಕ್ಯುಬೆನ್ಸಿಸ್ ಎಂಬ ಮಿಶ್ರತಳಿ ಇದ್ದೀತು. ಎಳೆಯ ಗಿಡದ ಮೊದಲ ಹೂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇರು ಕುಂಡದ ತುಂಬ ಸುತ್ತಿಕೊಂಡಿದ್ದರೂ ಗೊಬ್ಬರ ಸಾಲದಿದ್ದರೂ ಹೂವು ಕುಗ್ಗುತ್ತದೆ; ಡಬಲ್ (ಹೂವಿನೊಳಗೆ ಇನ್ನೊಂದು ಹೂವಿರುವ) ತಳಿಗಳು ಇಂಥ ಸ್ಥಿತಿಯಲ್ಲಿ ಒಂಟಿ ಹೂವನ್ನೇ ಬಿಟ್ಟು ಮೋಸ ಮಾಡುತ್ತವೆ.

ಎಲೆಯಿಂದ ಅಷ್ಟು ಪ್ರಯೋಜನವಿಲ್ಲ. ಕಾಂಡ ಮೊದಲ ಬಾರಿಗೆ ‘ವೈ’ ಆಕಾರದಲ್ಲಿ ಕವಲೊಡೆಯುವ ಮುಂಚಿನ ಎಲೆಗಳ ಬುಡ ಎರಡೂ ಕಡೆ ಸಮ, ಕವಲಿನ ಮೇಲಿನವುಗಳದು ಏರುಪೇರು. ಇದು ತಳಿಯ ಗುರುತಲ್ಲ, ಹೂಬಿಡುವ ಭಾಗದ ಗುರುತು. ಹಾಗಾಗಿ ಎರಡು ಗಿಡಗಳ ಎಲೆ ಹೋಲಿಸುವುದಾದರೆ ಎರಡರಲ್ಲೂ ಕವಲಿನ ಮೇಲಿನದ್ದನ್ನೇ ತೆಗೆದುಕೊಳ್ಳಿ.

ಎಲೆ ಸುಕ್ಕುಗಟ್ಟಿ, ಹಳದಿ ಮಚ್ಚೆ ಬಿದ್ದು, ದಳದ ಮೇಲೆ ಗಾಢ ಗೆರೆಗಳು ಮೂಡಿದ್ದರೆ ‘ಹೊಸ ತಳಿ ಸಿಕ್ಕಿತು’ ಎಂದು ಹಿಗ್ಗುವ ಮೊದಲು ವೈರಸ್ ಇದೆಯೇ ಎಂದು ಯೋಚಿಸಿ. ಕೊಲಂಬಿಯನ್ ದತ್ತೂರ ವೈರಸ್ ಈ ಗಿಡಗಳಿಗೆ ಬರುತ್ತದೆ, ಗಿಡಹೇನು ಅದನ್ನು ಹರಡುತ್ತದೆ. ಸೋಂಕಿದ ಗಿಡವನ್ನು ದೂರವಿಡಿ, ಅದಕ್ಕೆ ಬಳಸಿದ ಕತ್ತರಿಯನ್ನು ಬೇರೆ ಗಿಡಕ್ಕೆ ತಾಗಿಸಬೇಡಿ, ಅದರಿಂದ ಕಟಿಂಗ್ ಹಂಚಲೇಬೇಡಿ.

ಗಿಡ ಬೀಜದಿಂದ ಬಂದದ್ದು ಎಂದು ಗೊತ್ತಾದರೆ ಹೆಸರಿನ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಈ ಗಿಡಗಳು ಸಾಮಾನ್ಯವಾಗಿ ಸ್ವಂತ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೀಜವಾಗಬೇಕಾದರೆ ಬೇರೊಂದು ಗಿಡದ ಪರಾಗ ಬೇಕು. ಹಾಗೆ ಹುಟ್ಟಿದ ಪ್ರತಿ ಸಸಿಯೂ ಹೊಸ ಜೀವ. ‘ಪಿಂಕ್ ಬ್ಯೂಟಿ’ಯ ಕಾಯಿಯಿಂದ ಬೆಳೆಸಿದ ಸಸಿ, ನೋಡಲು ಎಷ್ಟೇ ತಾಯಿಯಂತಿದ್ದರೂ, ‘ಪಿಂಕ್ ಬ್ಯೂಟಿ’ ಅಲ್ಲ. ತಳಿಯ ಹೆಸರು ಕಟಿಂಗ್‌ನಿಂದ ಕಟಿಂಗ್‌ಗೆ ಮಾತ್ರ ಸಾಗುತ್ತದೆ.

ಕಟಿಂಗ್‌ನಿಂದ ಬಂದ ಗಿಡ, ಒಂದು ಹೆಸರಿನ ಮೇಲೆ ಬಲವಾದ ಗುಮಾನಿಯೂ ಇದೆ ಎಂದಾದರೆ ಅಕ್ಕಪಕ್ಕ ಬೆಳೆಸಿ ನೋಡುವುದೇ ಉತ್ತಮ. ಮೂಲ ಖಚಿತವಿರುವ ಗಿಡದಿಂದೊಂದು, ನಿಮ್ಮ ಅನಾಮಿಕದಿಂದೊಂದು 15ರಿಂದ 20 ಸೆಂ.ಮೀ. ಉದ್ದದ ಕಟಿಂಗ್ ತೆಗೆದು ಒಂದೇ ದಿನ ನೆಡಿ. ಎರಡೂ ‘ವೈ’ ಕವಲಿನ ಮೇಲಿಂದಲೇ ಬರಲಿ, ಇಲ್ಲದಿದ್ದರೆ ಒಂದು ಬೇಗ, ಇನ್ನೊಂದು ತಡವಾಗಿ ಹೂಬಿಟ್ಟು ಹೋಲಿಕೆ ಕೆಡುತ್ತದೆ. ಕುಂಡ, ಮಣ್ಣು, ಗೊಬ್ಬರ, ಬಿಸಿಲು ಎಲ್ಲ ಒಂದೇ ಇರಲಿ. ಎರಡನೆಯ ಸಲದ ಹೂಗಳಲ್ಲಿ ಮೇಲಿನ ಅಳತೆಗಳನ್ನು ಎದುರುಬದುರು ಬರೆಯಿರಿ. ಕವಚ ಅಥವಾ ಪರಾಗಕೋಶದಲ್ಲಿ ವ್ಯತ್ಯಾಸ ಪದೇ ಪದೇ ಕಂಡರೆ ಆ ಹೆಸರನ್ನು ಕೈಬಿಡಿ. ಎಲ್ಲವೂ ಹೊಂದಿದರೂ ‘ಅದರಂತಿದೆ’ ಎನ್ನಬಹುದೇ ವಿನಾ ‘ಅದೇ’ ಎನ್ನುವಂತಿಲ್ಲ, ಏಕೆಂದರೆ ಒಂದೇ ತಂದೆತಾಯಿಯ ಸಸಿಗಳೂ ಇಷ್ಟರಮಟ್ಟಿಗೆ ಹೋಲುತ್ತವೆ.

ಚೀಟಿಯಲ್ಲಿ ಉದಾಹರಣೆಗೆ ‘ಗುಲಾಬಿ, ಹೆಸರಿಲ್ಲ, ಸ್ವಾವಿಯೊಲೆನ್ಸ್ ಗುಂಪು, ಒಂಟಿ ಹೂವು’ ಎಂದು ಬರೆದು, ಗಿಡ ಬಂದ ವರ್ಷ ಮತ್ತು ಕೊಟ್ಟವರನ್ನು ನಮೂದಿಸಿ. ಪೆನ್ಸಿಲಿನಲ್ಲೇ ಬರೆಯಿರಿ, ಮಾರ್ಕರ್ ಶಾಯಿ ಬಿಸಿಲಿಗೆ ಅಳಿಸಿಹೋಗುತ್ತದೆ. ಅದೇ ಚೀಟಿಯ ನಕಲು ನೀವು ಕೊಡುವ ಪ್ರತಿ ಕಟಿಂಗ್ ಜೊತೆಗೂ ಹೋಗಲಿ.