ಅಜ್ಜಿ ನಂದಿ ಬೆಟ್ಟಕ್ಕೆ ಬರಲ್ಲ ಅಂದಿದ್ದು

ಆ ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆದರೆ ಒಳಗಿರುವ ಊಟವೇ ಮಾತಾಡುತ್ತದೆ. ಅಪ್ಪ ಸಂಜೆ ಕೆಲಸ ಮುಗಿಸಿ, ದಪ್ಪ ಬಾಲ ಎಳೆದುಕೊಂಡು ಬಂದು ಟಿವಿ ಮುಂದೆ ಕುಕ್ಕರಿಸುತ್ತಾನೆ. ಪಾಪು ಬಾಣಲೆ ಎತ್ತಿ ಅವನ ತಲೆಗೆ ಒಂದು ಬಿಡುತ್ತದೆ. 'ನಾಟ್ ದ ಮಾಮಾ!' ಅಂತ ಕಿರುಚುತ್ತದೆ, ಅಂದರೆ ನೀನು ಅಮ್ಮ ಅಲ್ಲ ಅಂತ. ಅಪ್ಪ ಸಿಟ್ಟಿಗೆದ್ದು ಪಾಪುವನ್ನು ಎತ್ತಿ ಬಿಸಾಡಿದರೆ, ಬಿದ್ದಲ್ಲಿಂದಲೇ 'ಅಗೇನ್!' ಅನ್ನುತ್ತದೆ.

'ಡೈನೋಸಾರ್ಸ್' ಅಂತ ಈ ಗೊಂಬೆ ಧಾರಾವಾಹಿಯ ಹೆಸರು. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1991ರಿಂದ 1994ರವರೆಗೆ ಬಂದದ್ದು. ನಾವು ನೋಡಿದ್ದು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ, ಊರಿಗೆ ಕೇಬಲ್ ಹೊಸದಾಗಿ ಬಂದಿದ್ದ ಕಾಲದಲ್ಲಿ. ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಮನೆಯಲ್ಲಿ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ. ಆದರೂ ಆ ಹೊತ್ತಿಗೆ ಟಿವಿ ಮುಂದೆ ಅಜ್ಜಿಯಿಂದ ಹಿಡಿದು ಎಲ್ಲರೂ ಇರುತ್ತಿದ್ದರು. ಸೋದರಮಾವ ಮನೆಗೆ ಬಂದರೆ ನಾನೂ ಅಣ್ಣನೂ ಸೊಪ್ಪಿನ ಬುಟ್ಟಿ ಹಿಡಿದು ಅವರ ಬೆನ್ನ ಹಿಂದೆ ಓಡುತ್ತಿದ್ದೆವು, 'ನಾಟ್ ದ ಮಾಮಾ' ಅಂತ. ಪಾಪ, ಅವರಿಗೆ ತಾನೇನು ತಪ್ಪು ಮಾಡಿದೆ ಅಂತ ಗೊತ್ತಾಗುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಮೆರಿಕದಿಂದ ಬಂದ ಭಾವ ಇದರ ಡಿವಿಡಿ ತಂದುಕೊಟ್ಟರು. ನಾನು ಯಾವತ್ತೋ ಸುಮ್ನೆ ಹೇಳಿದ್ದು ಅವರಿಗೆ ನೆನಪಿತ್ತು. ಲ್ಯಾಪ್‌ಟಾಪ್‌ ಹಿಡಿದು ಊರಿಗೆ ಹೋದೆ. ರೇಷ್ಮೆ ಗೂಡು ಮಾರಿ, ಹುಳು ಮನೆ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ ಬಾಗಿಲು ಮುಚ್ಚಿದ್ದರು. ಮುಂದಿನ ಚಾಕಿ ಹುಳು, ಅಂದರೆ ಎಳೆಯ ಹುಳು, ಬರೋಕೆ ಇನ್ನೂ ಸಮಯವಿತ್ತು. ರೇಷ್ಮೆ ಬೆಳೆಯುವ ಮನೆಯಲ್ಲಿ ಅಪ್ಪ ಕೈ ಕಟ್ಟಿ ಕೂರುವುದು ಎರಡು ಬೆಳೆಗಳ ನಡುವೆ ಮಾತ್ರ.

ಶುರುವಾಗುವ ಮೊದಲೇ ಅಣ್ಣನ ಮಗ ತಕರಾರು ತೆಗೆದ. ಎಂಟು ವರ್ಷದ ಅವನಿಗೆ ಡೈನೋಸಾರ್‌ಗಳ ವಿಷಯದಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತು. ಕಥೆ ನಡೆಯುವುದು ಕ್ರಿಸ್ತಪೂರ್ವ 6,00,00,003ರಲ್ಲಿ ಅಂತ ನಾನು ಹೇಳಿದೆ. 'ಅತ್ತೆ, ಉಲ್ಕೆ ಬಿದ್ದಿದ್ದು ಆರೂವರೆ ಕೋಟಿ ವರ್ಷದ ಹಿಂದೆ. ಇವು ಅಷ್ಟೊತ್ತಿಗೆ ಸತ್ತೋಗಿರ್ಬೇಕು ಅಲ್ವಾ?' ಅಂದ. ಸುಮ್ಮನೆ ನೋಡು ಅಂದೆ. ಬೇರೆ ಉತ್ತರ ಇರಲಿಲ್ಲ.

ಅವನಿಗೆ ಹಿಡಿಸಿದ್ದು ಗೊಂಬೆ ಹೇಗೆ ಕುಣಿಯುತ್ತದೆ ಅನ್ನುವುದು. ಮಪೆಟ್ ಗೊಂಬೆಗಳನ್ನು ಮಾಡಿದ ಜಿಮ್ ಹೆನ್ಸನ್‌ಗೆ ಹೊಳೆದ ಐಡಿಯಾ ಇದು. ಅವರು 1990ರಲ್ಲಿ ತೀರಿಕೊಂಡರು. ಧಾರಾವಾಹಿ ತೆರೆಗೆ ಬಂದಿದ್ದು ಮಾರನೇ ವರ್ಷ. ದೊಡ್ಡ ಡೈನೋಸಾರ್‌ಗಳ ಒಳಗೆ ಒಬ್ಬ ಮನುಷ್ಯ ಇರುತ್ತಾನೆ, ಕೈಕಾಲು ಆಡಿಸೋದು ಅವನು. ಮುಖದ ಒಳಗೆ ಪುಟ್ಟ ಮೋಟಾರುಗಳು. ಹುಬ್ಬು, ತುಟಿ, ಕಣ್ಣನ್ನು ಹೊರಗೆ ನಿಂತ ಇನ್ನೊಬ್ಬ ರಿಮೋಟ್ ಹಿಡಿದು ಆಡಿಸುತ್ತಾನೆ. ಅಂದರೆ ಒಂದು ಪಾತ್ರಕ್ಕೆ ಮೈ ಒಬ್ಬನದು, ಮುಖ ಇನ್ನೊಬ್ಬನದು. ಇಷ್ಟು ಹೇಳಿದ ಮೇಲೆ ಹುಡುಗ ಕಥೆ ಬಿಟ್ಟು ಹುಬ್ಬು ಮಾತ್ರ ನೋಡತೊಡಗಿದ.

ನನಗೆ ಮೊದಲು ಹಾಕಬೇಕು ಅನ್ನಿಸಿದ್ದು ಅಜ್ಜಿಯ ಕಂತು. ಆ ಲೋಕದಲ್ಲಿ 72 ವರ್ಷ ತುಂಬಿದವರನ್ನು ಬೆಟ್ಟದ ಅಂಚಿಗೆ ಕರೆದೊಯ್ದು ಕೆಳಗಿನ ಟಾರ್ ಗುಂಡಿಗೆ ಎಸೆಯುತ್ತಾರೆ. ಅದೊಂದು ಹಬ್ಬ. ಅತ್ತೆಯನ್ನು ಎಸೆಯುವ ಹಕ್ಕು ಅಳಿಯನದು. ಮನೆಯೊಡೆಯ ಅರ್ಲ್ ಈ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದಾನೆ. ಗಾಲಿ ಕುರ್ಚಿಯಲ್ಲಿ ಕೂತ ಅತ್ತೆಯನ್ನು ನೋಡಿದಾಗಲೆಲ್ಲ ಅವನ ಮುಖ ಅರಳುತ್ತದೆ. ಕೊನೆಗೆ ಮಗ ರಾಬಿ ಅಡ್ಡ ಬರುತ್ತಾನೆ. ಅತ್ತೆ ಅಳಿಯನ ಮನೆಯಲ್ಲೇ ಉಳಿಯುತ್ತಾಳೆ. ಅರ್ಲ್‌ಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಆಗ ನಮಗೆ ಇದರ ಒಂದು ಮಾತೂ ಅರ್ಥವಾಗಿರಲಿಲ್ಲ. ಗಾಲಿ ಕುರ್ಚಿ, ಮುದುಕಿ, ಬೆಟ್ಟದ ಅಂಚು, ಅಳಿಯನ ನಗು, ಇಷ್ಟೇ ಕಂಡಿದ್ದು. ಆದರೆ ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟಕ್ಕೇ ಬಿಡಲಿಲ್ಲ. ಆ ವರ್ಷ ಮನೆಮಂದಿಯೆಲ್ಲ ನಂದಿ ಬೆಟ್ಟಕ್ಕೆ ಹೊರಟಾಗ, 'ನಾನು ಬರಲ್ಲಪ್ಪ, ನಿಮ್ಮನ್ನ ನಂಬಕ್ಕಾಗಲ್ಲ' ಅಂದಳು. 4,851 ಅಡಿ ಎತ್ತರದ ಆ ಬೆಟ್ಟದಲ್ಲಿ ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಅಂಚಿದೆ. ಟಿಪ್ಪು ಕಾಲದಲ್ಲಿ ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರು ಅನ್ನುವ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಜ್ಜಿ ಕೂತಲ್ಲೇ ಎರಡನ್ನೂ ಸೇರಿಸಿಬಿಟ್ಟಿದ್ದಳು. ಆಮೇಲೆ ವರ್ಷಗಟ್ಟಲೆ ಯಾವುದಕ್ಕೆ ಜಗಳವಾದರೂ, 'ನನ್ನನ್ನ ನಂದಿಗೆ ಕರ್ಕೊಂಡೋಗಿ ತಳ್ಳಿಬಿಡ್ರೋ' ಅನ್ನುತ್ತಿದ್ದಳು. ಔಷಧಿ ತರೋದು ಮರೆತರೂ ಅದೇ. ಸಾರಿಗೆ ಉಪ್ಪು ಕಡಿಮೆಯಾದರೂ ಅದೇ. ಅಪ್ಪನ ಬಾಯಿ ಮುಚ್ಚಿಸೋಕೆ ಅದಕ್ಕಿಂತ ಒಳ್ಳೆ ಮಾತು ಅವಳಿಗೆ ಸಿಕ್ಕಿರಲಿಲ್ಲ.

ಈಗ ಇಂಗ್ಲಿಷ್ ಗೊತ್ತಿದ್ದು ನೋಡಿದಾಗ ನನಗೆ ಅಷ್ಟು ನಗು ಬರಲಿಲ್ಲ, ನಿಜ. ಬರೆದವರ ಜಾಣತನ ಕಾಣುತ್ತದೆ. ಸಿಂಕ್ಲೇರ್, ರಿಚ್‌ಫೀಲ್ಡ್, ಹೆಸ್, ಫಿಲಿಪ್ಸ್, ಹೀಗೆ ಸುಮಾರು ಪಾತ್ರಗಳಿಗೆ ಪೆಟ್ರೋಲ್ ಕಂಪನಿಗಳ ಹೆಸರು. ಸತ್ತು ಎಣ್ಣೆಯಾಗಲಿರುವವರಿಗೆ ಈಗಲೇ ಬ್ರಾಂಡ್ ಹಚ್ಚಿದ್ದಾರೆ. ಪಿಸ್ತಾಕ್ಕಾಗಿ ಯುದ್ಧ ಮಾಡುತ್ತಾರೆ. ಆಲೂಗಡ್ಡೆಯ ಹೆಸರಲ್ಲಿ ಒಂದು ಧರ್ಮ ಕಟ್ಟುತ್ತಾರೆ. ಎಲ್ಲಾ ಸರಿ, ಆದರೆ ಕೆಲವು ಕಂತು ನೀತಿಪಾಠದ ಪುಸ್ತಕ ಓದಿದ ಹಾಗಿವೆ. ಇಲ್ಲಿ ನಗಿ, ಇಲ್ಲಿ ಯೋಚಿಸಿ ಅಂತ ಗೀಟು ಹಾಕಿಕೊಟ್ಟಿರುತ್ತಾರೆ. ಅಜ್ಜಿಗೆ ಆ ಗೀಟು ಕಾಣಿಸುತ್ತಿರಲಿಲ್ಲವಲ್ಲ, ಅವಳು ಪುಣ್ಯವಂತೆ. ಮನೆಯೊಳಗಿನ ಸಣ್ಣತನ ತೋರಿಸುವಾಗ ಮಾತ್ರ ಇದು ಈಗಲೂ ಚುರುಕಾಗಿದೆ. ಅಮ್ಮ ನೋಡಿ ಹೇಳಿದ್ದು ಒಂದೇ ಮಾತು: 'ಡೈನೋಸಾರ್ ಆದ್ರೂ ಅಡುಗೆ ಮನೇಲಿ ಒಬ್ಬಳೇ ಸಾಯ್ತಾ ಇದಾಳೆ ನೋಡು.'

ರಾತ್ರಿ ಕೊನೆಯ ಕಂತು ಹಾಕಿದೆ. ಚಿಕ್ಕವಳಿದ್ದಾಗ ಅದನ್ನು ನಾನು ನೋಡಿರಲಿಲ್ಲ. 1994ರ ಜುಲೈನಲ್ಲಿ ಪ್ರಸಾರವಾಗಿದ್ದು. ಪ್ರತಿವರ್ಷ ಒಂದು ಜಾತಿಯ ದುಂಬಿಗಳು ಹಿಂಡು ಹಿಂಡಾಗಿ ಬಂದು, ಮಿತಿಮೀರಿ ಬೆಳೆಯುವ ಒಂದು ಬಳ್ಳಿಯನ್ನು ತಿಂದು ಮುಗಿಸಬೇಕು. ಈ ಸಲ ಬಂದಿದ್ದು ಒಂದೇ ಒಂದು. ಅವು ಮರಿ ಮಾಡುವ ಜವುಗು ಜಾಗದ ಮೇಲೆ ಅರ್ಲ್ ಕೆಲಸ ಮಾಡುವ ಕಂಪನಿ ಮೇಣದ ಹಣ್ಣಿನ ಫ್ಯಾಕ್ಟರಿ ಕಟ್ಟಿದೆ. ಬಳ್ಳಿ ಊರೆಲ್ಲ ಹಬ್ಬುತ್ತದೆ. ಅದನ್ನು ನಿಲ್ಲಿಸುವ ಹೊಣೆ ಅರ್ಲ್ ತಲೆಗೆ ಬರುತ್ತದೆ.

ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ದುಂಬಿ ಬರಲಿಲ್ಲ ಅನ್ನುವಲ್ಲಿಗೆ ಅವರು ಎದ್ದು ನೆಟ್ಟಗೆ ಕೂತರು.

'ಔಷಧಿ ಹೊಡೀತಾನೆ ನೋಡು ಈಗ' ಅಂದರು.

ಹೊಡೆದೇಬಿಟ್ಟ. ಬಳ್ಳಿಯ ಜೊತೆಗೆ ಭೂಮಿ ಮೇಲಿದ್ದ ಗಿಡಮರವೆಲ್ಲ ಒಣಗಿತು.

ಅಪ್ಪನಿಗೆ ಇದು ಕಥೆಯಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ರೇಷ್ಮೆ ಹುಳುವಿನ ಮೈ ಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಒಳಗಿಂದ ತಿನ್ನುತ್ತದೆ. ನೊಣ ಸಾಯಲಿ ಅಂತ ಕಂಡ ಕಂಡ ವಿಷ ಹೊಡೆದರೆ ಹುಳುವೇ ಮೊದಲು ಸಾಯುತ್ತದೆ. ಪಕ್ಕದ ತೋಟದವರು ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಮ್ಮ ಸೊಪ್ಪಿನ ಮೇಲೆ ಕೂತು, ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ದಾಟಿದ ಹುಳು ತಟ್ಟೆ ತಟ್ಟೆ ಸತ್ತಿದ್ದನ್ನು ಅವರು ಕಂಡಿದ್ದಾರೆ. ಅದಕ್ಕೇ ಕಿಟಕಿಗೆ ಬಲೆ ಕಟ್ಟೋದು. ಊಜಿಯ ಕೋಶವನ್ನು ಹುಡುಕಿ ಅದರೊಳಗೆ ಮೊಟ್ಟೆ ಇಡುವ ಪುಟಾಣಿ ಕಣಜವನ್ನು ತಂದು ಬಿಡೋದು. ಹುಳುವಿಗೆ ಹುಳುವೇ ಮದ್ದು ಅಂತ ಅರ್ಲ್‌ಗೆ ಹೇಳೋರು ಯಾರೂ ಇರಲಿಲ್ಲ.

'ಈಗ ಇನ್ನೂ ದೊಡ್ಡದೇನೋ ಮಾಡ್ತಾನೆ' ಅಂದರು ಅಪ್ಪ.

ಗಿಡ ಮತ್ತೆ ಚಿಗುರಬೇಕಾದರೆ ಮಳೆ ಬೇಕು, ಮಳೆಗೆ ಮೋಡ ಬೇಕು. ಅರ್ಲ್ ಜ್ವಾಲಾಮುಖಿಗಳಿಗೆ ಬಾಂಬ್ ಹಾಕಿಸುತ್ತಾನೆ. ಮೋಡವೇನೋ ಬರುತ್ತದೆ. ಆದರೆ ಅದು ಸೂರ್ಯನನ್ನೇ ಮುಚ್ಚಿ, ಹಿಮ ಬೀಳೋಕೆ ಶುರುವಾಗುತ್ತದೆ. ನಮ್ಮ ಕಡೆ ಮರ ಬೇಕು ಅಂತ 1980ರ ದಶಕದಲ್ಲಿ ಹೊಲ ಹೊಲಕ್ಕೂ ನೀಲಗಿರಿ ನೆಟ್ಟಿದ್ದು, ಅದು ನೀರು ಹೀರುತ್ತೆ ಅಂತ ಕೊನೆಗೆ 2017ರಲ್ಲಿ ಹೊಸದಾಗಿ ನೆಡಬಾರದು ಅಂತ ಸರ್ಕಾರವೇ ನಿಲ್ಲಿಸಿದ್ದು, ಅಪ್ಪ ಅದನ್ನೂ ಎತ್ತಿದರು. ಬೋರ್‌ವೆಲ್ ಸಾವಿರ ಅಡಿ ದಾಟಿದ್ದನ್ನೂ ಎತ್ತಿದರು. ಸಿನಿಮಾ ನೋಡುವಾಗ ಸುಮ್ಮನಿರೋ ಅಭ್ಯಾಸ ಅವರಿಗೆ ಎಂದೂ ಇಲ್ಲ. ಅಮ್ಮ ಎರಡು ಸಲ ಗದರಿದಳು.

ಆ ಕಂತಿನಲ್ಲಿ ಅಪ್ಪ ನಕ್ಕಿದ್ದು ಒಂದೇ ಕಡೆ. ಅರ್ಲ್ ಹೆದರಿ ಧಣಿ ರಿಚ್‌ಫೀಲ್ಡ್ ಹತ್ತಿರ ಓಡುತ್ತಾನೆ. ಅವನು ಖುಷಿಯಲ್ಲಿದ್ದಾನೆ. ಚಳಿಗೆ ಜನ ಕಂಬಳಿ, ಹೀಟರ್‌ಗೆ ಮುಗಿಬಿದ್ದಿದ್ದಾರೆ, ವ್ಯಾಪಾರ ಯಾವತ್ತೂ ಇಷ್ಟು ಚೆನ್ನಾಗಿರಲಿಲ್ಲ. ಪ್ರಪಂಚ ಮುಳುಗೋದು ಮುಂದಿನ ತ್ರೈಮಾಸಿಕದ ತಲೆನೋವು ಅನ್ನುತ್ತಾನೆ.

ಇದನ್ನು ಹೇಳಿದಾಗ ಅಪ್ಪ ತೊಡೆ ತಟ್ಟಿ ನಕ್ಕರು. 'ಕೆರೆ ಒತ್ತುವರಿ ಮಾಡಿದೋನೇ ನಮಗೆ ಟ್ಯಾಂಕರ್ ನೀರು ಮಾರಲಿಲ್ವೇನಮ್ಮ? ಇವನು ಅವನಿಗೆ ಅಣ್ಣನೋ ತಮ್ಮನೋ ಆಗಬೇಕು!'

ಕೊನೆಯಲ್ಲಿ ಅರ್ಲ್ ಮನೆಯವರ ಮುಂದೆ ಕೂತು ಕ್ಷಮೆ ಕೇಳುತ್ತಾನೆ. ಮನೆ ಹಿಮದಲ್ಲಿ ಹೂತುಹೋಗುತ್ತಾ ಇದೆ. ಪಾಪು, ಮುಂದೆ ನಮಗೇನಾಗುತ್ತೆ ಅಂತ ಕೇಳುತ್ತದೆ. ಯಾರೂ ಬಂದು ಕಾಪಾಡುವುದಿಲ್ಲ. ಸುದ್ದಿ ಓದುವವನು ಗುಡ್‌ನೈಟ್ ಹೇಳಿ, ಗುಡ್‌ಬೈ ಹೇಳುತ್ತಾನೆ. ಮುಗಿಯಿತು. ಮಕ್ಕಳೂ ನೋಡುವ ಗೊಂಬೆ ಧಾರಾವಾಹಿಯನ್ನು ಹೀಗೆ ಮುಗಿಸೋಕೆ ಎಂಟೆದೆ ಬೇಕು. ಆದರೆ ಇನ್ನೊಂದು ಸಲ ಚಿಕ್ಕ ಹುಡುಗರ ಪಕ್ಕ ಕೂತು ನಾನಂತೂ ಇದನ್ನು ಹಾಕುವುದಿಲ್ಲ. ಅಣ್ಣನ ಮಗ ಮುಖ ಕೆಂಪು ಮಾಡಿಕೊಂಡು, 'ಪಾಪೂನೂ ಸತ್ತೋಯ್ತಾ?' ಅಂತ ಕೇಳಿದ. ನಾನು ತೋರಿಸಿಲ್ಲ ಅಂದೆ. ಅಪ್ಪ ಸುಳ್ಳು ಹೇಳುವವರಲ್ಲ, 'ಹೂಂ ಕಣೋ' ಅಂದುಬಿಟ್ಟರು. ಅವನು ಮಲಗೋವರೆಗೂ ತಾತನ ಜೊತೆ ಮಾತು ಬಿಟ್ಟಿದ್ದ.

ರಜೆ ಮುಗಿದು ಶಾಲೆ ಶುರುವಾದ ಮೇಲೆ ಅತ್ತಿಗೆ ಫೋನ್ ಮಾಡಿದರು. ಡೈನೋಸಾರ್‌ಗಳು ಹೇಗೆ ನಾಶವಾದವು ಅಂತ ಮೇಡಂ ಕೇಳಿದ್ದಾರೆ. ಇವನು ಎದ್ದು ನಿಂತು ಉಲ್ಕೆಯಿಂದ ಅಂತ ಸರಿಯಾಗಿಯೇ ಹೇಳಿದ್ದಾನೆ. ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. 'ಆದ್ರೆ ಉಲ್ಕೆ ತಪ್ಪಿದ್ರೂ ಸಾಯ್ತಿದ್ವು ಮಿಸ್, ಕಂಪನಿಯವರು ಬಿಡ್ತಿರ್ಲಿಲ್ಲ' ಅಂದನಂತೆ. ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದು ಅಂತ ಮೇಡಂ ಕೇಳಿದ್ದಕ್ಕೆ ತಾತನ ಹೆಸರು ಹೇಳಿದ್ದಾನೆ.